ದೂರದ ಕಣ್ಣಿಗಾಗಿ ಬರೆದ ಬಣ್ಣ

ಹಳೆಯ ನಾಟಕ ಕಂಪನಿಯ ಪರದೆಯೊಂದನ್ನು ಹಗಲಿನ ಬೆಳಕಿನಲ್ಲಿ, ಮೂಗು ತಾಗುವಷ್ಟು ಸಮೀಪದಲ್ಲಿ ನಿಂತು ನೋಡಿದವನಿಗೆ ಮೊದಲು ಉಂಟಾಗುವ ಭಾವ ನಿರಾಶೆಯೇ. ಹಿಂದಿನ ರಾತ್ರಿ ದೀಪಗಳ ಬೆಳಕಿನಲ್ಲಿ ಕೌರವನ ಆಸ್ಥಾನವಾಗಿ, ಒಂದರ ಹಿಂದೊಂದು ಸರಿಯುತ್ತ ಹೋಗುವ ಅಮೃತಶಿಲೆಯ ಕಂಬಸಾಲಾಗಿ, ಕಂಬಗಳ ನಡುವೆ ಇಣುಕುವ ಉದ್ಯಾನವಾಗಿ ಕಂಡದ್ದು ಈಗ ಬೂದುಬಣ್ಣದ ಅಗಲವಾದ ಪಟ್ಟಿಗಳೂ ಅಂಚು ಕಲಸಿಹೋದ ಕಂದುಮಚ್ಚೆಗಳೂ ಆಗಿ ಕುಸಿದುಬಿಡುತ್ತದೆ; ಕಂಬದ ನುಣುಪೆಂದು ಕಣ್ಣು ನಂಬಿದ್ದು ಒಂದೇ ಉಸಿರಿನಲ್ಲಿ ಮೇಲಿನಿಂದ ಕೆಳಗೆ ಎಳೆದ ಬಿಳಿಯ ಗೀರು, ಮಲ್ಲಿಗೆಯ ಪೊದೆಯೆಂದು ತಿಳಿದದ್ದು ಬಟ್ಟೆಯ ಉಂಡೆಯಿಂದ ಒತ್ತಿದ ಹಸುರು ಮುದ್ರೆಗಳ ಗುಂಪು. ಆದರೆ ಹತ್ತು ಮಾರು ಹಿಂದಕ್ಕೆ ನಡೆದು ತಿರುಗಿ ನೋಡಿದರೆ ಆಸ್ಥಾನವು ಮತ್ತೆ ಎದ್ದು ನಿಂತಿರುತ್ತದೆ. ಪರದೆಯನ್ನು ಬರೆದವನಿಗೆ ಈ ಮರ್ಮ ತಿಳಿದಿತ್ತು. ತನ್ನ ಕೆಲಸದ ಅರ್ಧಭಾಗವನ್ನು ಆತನು ದೂರಕ್ಕೂ ದೀಪಕ್ಕೂ ನೋಡುವವನ ಕಣ್ಣಿಗೂ ಬಿಟ್ಟುಕೊಟ್ಟು, ಉಳಿದರ್ಧವನ್ನು ಮಾತ್ರ ಕೈಯಿಂದ ಮಾಡಿದ್ದನು. ಮನೆಯಲ್ಲೋ ಶಾಲೆಯಲ್ಲೋ ರಂಗಪರಿಕರಗಳಿಗೂ ಗೋಡೆಗಳಿಗೂ ಬಣ್ಣ ಹಚ್ಚಹೊರಟವರು ಕಲಿಯಬೇಕಾದ ವಿದ್ಯೆಯಲ್ಲಿ ಸುಲಭವೆಂಬುದು ಏನಾದರೂ ಇದ್ದರೆ ಅದು ಇರುವುದು ಇಲ್ಲಿಯೇ.

ನಮ್ಮಲ್ಲಿ ಈ ವಿದ್ಯೆಯನ್ನು ಊರೂರಿಗೆ ಹರಡಿದ ಕೀರ್ತಿ ವೃತ್ತಿ ನಾಟಕ ಮಂಡಲಿಗಳಿಗೆ ಸಲ್ಲಬೇಕು. ಪಾರ್ಸಿ ಮಂಡಲಿಗಳ ವೈಭವವನ್ನು ಕಂಡು ಬೆರಗಾದ ಕನ್ನಡದ ಕಂಪನಿಗಳು, 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘವೂ ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆಯೂ ಮೊದಲಾದುವು, ನಟರಷ್ಟೇ ಪರದೆಗಳನ್ನೂ ನೆಚ್ಚಿಕೊಂಡಿದ್ದುವು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರೆಂಬುದು ಎಲ್ಲರೂ ಹೇಳುವ ಮಾತು, ಆ ಆನೆಗೂ ನಿಲ್ಲಲು ಒಂದು ರಣಭೂಮಿ ಬೇಕಾಗಿತ್ತೆಂಬುದನ್ನೂ, ಅದನ್ನು ಬಟ್ಟೆಯ ಮೇಲೆ ಬರೆದ ಕೈ ಒಂದು ಇತ್ತೆಂಬುದನ್ನೂ ಯಾರೂ ಹೇಳುವುದಿಲ್ಲ. ಅರಮನೆ, ಬೀದಿ, ಕಾಡು, ಉದ್ಯಾನ, ಸೆರೆಮನೆ, ಕೈಲಾಸ, ಇಷ್ಟು ಪರದೆಗಳಿದ್ದರೆ ಕಂಪನಿಯು ಯಾವ ಪುರಾಣವನ್ನಾದರೂ ಆಡಬಲ್ಲುದಾಗಿತ್ತು. ಒಂದೇ ಬೀದಿ ಇಂದು ಅಯೋಧ್ಯೆಯೂ ನಾಳೆ ಮಥುರೆಯೂ ಆಗುತ್ತಿತ್ತು. ಸಾಮಾಜಿಕ ನಾಟಕದ ದಿನ ಅದೇ ಬೀದಿಯಲ್ಲಿ ಕೋಟು ತೊಟ್ಟ ವಕೀಲರು ನಡೆದಾಡಿದರೂ ಪ್ರೇಕ್ಷಕರು ಆಕ್ಷೇಪಿಸಿದ್ದಿಲ್ಲ. ತರುವಾಯ ಕೈಲಾಸಂ ಅವರ ನಾಟಕಗಳನ್ನಾಡಿದ ವಿಲಾಸಿ ರಂಗಭೂಮಿಯು ಒಂದು ಬಾಗಿಲು, ಎರಡು ಕುರ್ಚಿಗಳಲ್ಲಿ ಮನೆಯ ನಡುಕೋಣೆಯನ್ನು ತೋರಿಸಿ ಪರದೆಗಳ ಹಂಗನ್ನು ಬಹುಮಟ್ಟಿಗೆ ಕಳಚಿಕೊಂಡಿತು. ಆದರೂ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಕಳೆದ ಮೇಲೆ ಪೌರಾಣಿಕ ನಾಟಕವಾಡುವವರು ಇಂದಿಗೂ ಸೀನರಿಯನ್ನು ಬಾಡಿಗೆಗೆ ತರಿಸುತ್ತಾರೆ. ಬಾಡಿಗೆ ಕೊಡಲಾರದ ಶಾಲೆಗಳೂ ಸಂಘಗಳೂ ವಾರ್ಷಿಕೋತ್ಸವಕ್ಕೆ, ಗಣೇಶೋತ್ಸವಕ್ಕೆ ತಾವೇ ಬರೆದುಕೊಳ್ಳುತ್ತವೆ. ಈ ಲೇಖನವು ಅಂಥವರಿಗಾಗಿ.

ಫ್ಲೆಕ್ಸ್ ಮುದ್ರಿಸಿ ತಂದು ಕಟ್ಟಿಬಿಟ್ಟರೆ ಆಯಿತಲ್ಲ ಎಂದು ಕೇಳುವವರುಂಟು. ಅದಕ್ಕೆ ಉತ್ತರವು ರಸಿಕತೆಯದಲ್ಲ, ಬೆಳಕಿನದು. ಪ್ಲಾಸ್ಟಿಕ್ಕಿನ ಮೈ ನುಣುಪಾದುದರಿಂದ ದೀಪದ ಪ್ರಭೆ ಅದರ ಮೇಲೆ ಬಿದ್ದು ಹಾಗೆಯೇ ಹಿಂದಿರುಗುತ್ತದೆ. ಕಾಡಿನ ನಟ್ಟನಡುವೆ ವಿದ್ಯುದ್ದೀಪದ ಬಿಳಿಯ ಗುಂಡೊಂದು ಹೊಳೆದು ಭ್ರಮೆಯೆಲ್ಲ ಹಾಳಾಗುತ್ತದೆ. ಸುಣ್ಣದಂತಹ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದ ಬಣ್ಣಕ್ಕೆ ಹೊಳಪೆಂಬುದೇ ಇಲ್ಲ. ಬೆಳಕನ್ನು ಅದು ಎಲ್ಲ ದಿಕ್ಕಿಗೂ ಸಮನಾಗಿ ಚೆದರಿಸುತ್ತದೆ. ಕಂಪನಿಯ ಚಿತ್ರಗಾರರು ಎಣ್ಣೆಬಣ್ಣವನ್ನು ಬಿಟ್ಟು ಅಂಟುಬಣ್ಣವನ್ನು ಹಿಡಿದುದಕ್ಕೆ ಅಗ್ಗವೆಂಬ ಕಾರಣದೊಡನೆ ಇದೂ ಒಂದು ಬಲವಾದ ಕಾರಣವಾಗಿತ್ತು.

ಅಂಟುಬಣ್ಣದ ಪಾಕವು ಸರಳವಾದುದಾದರೂ ತಾಳ್ಮೆಯನ್ನು ಬೇಡುತ್ತದೆ. ಬಡಗಿಗಳು ಬಳಸುವ ಸರೇಸನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿ, ಅದು ಉಬ್ಬಿ ಮೆತ್ತಗಾದ ಮೇಲೆ, ನೀರು ತುಂಬಿದ ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆಯನ್ನಿಟ್ಟು ಆ ಬಿಸಿಯಲ್ಲಿ ಕರಗಿಸಬೇಕು. ನೇರವಾಗಿ ಒಲೆಯ ಮೇಲಿಟ್ಟರೆ ತಳಹತ್ತಿ ಅಂಟಿನ ಸತ್ತ್ವ ಕೆಡುತ್ತದೆ. ತೂಕದಲ್ಲಿ ಒಂದು ಪಾಲು ಸರೇಸಿಗೆ 16ರಿಂದ 20 ಪಾಲು ನೀರು ಎಂಬುದು ಸಾಧಾರಣವಾದ ಪ್ರಮಾಣ. ಈ ತಿಳಿಯಾದ ಅಂಟುನೀರಿಗೆ ಸೀಮೆಸುಣ್ಣದ ಪುಡಿಯನ್ನು ಮಜ್ಜಿಗೆಯ ಹದಕ್ಕೆ ಬರುವಂತೆ ಕಲಸಿ, ಅದಕ್ಕೆ ನೀರಿನಲ್ಲಿ ಮೊದಲೇ ನೆನೆಸಿಟ್ಟ ಬಣ್ಣದ ಪುಡಿಯನ್ನು ಸೇರಿಸಿದರೆ ಪರದೆಯ ಬಣ್ಣ ಸಿದ್ಧವಾಯಿತು. ಹದ ಸರಿಯಿದೆಯೇ ಎಂಬುದನ್ನು ತಿಳಿಯಲು ಒಂದು ಬಟ್ಟೆಯ ಚೂರಿಗೆ ಬಳಿದು ಒಣಗಿಸಿ ನೋಡಬೇಕು: ಬೆರಳಿನಿಂದ ಉಜ್ಜಿದಾಗ ಪುಡಿ ಕೈಗೆ ಬಂದರೆ ಅಂಟು ಸಾಲದು, ಬಟ್ಟೆಯನ್ನು ಬಾಗಿಸಿದಾಗ ಚಕ್ಕೆಯೆದ್ದರೆ ಅಂಟು ಹೆಚ್ಚು. ಸರೇಸಿನ ವಾಸನೆಯನ್ನು ಸಹಿಸಲಾರದವರು, ಪ್ರಾಣಿಜನ್ಯ ಪದಾರ್ಥವೆಂದು ಅದನ್ನು ಮುಟ್ಟದವರು, ಫೆವಿಕಾಲನ್ನು ನೀರಿನಲ್ಲಿ ತೆಳುಗೊಳಿಸಿ ಬಳಸಬಹುದು. ಇಲ್ಲವೆ ಅಂಗಡಿಯ ಬಿಳಿಯ ಡಿಸ್ಟೆಂಪರಿಗೆ ಸ್ಟೇನರ್ ಹನಿಸಿ ಬೇಕಾದ ಬಣ್ಣ ಮಾಡಿಕೊಳ್ಳಬಹುದು. ಇವುಗಳಲ್ಲಿ ಯಾವುದನ್ನೇ ಹಿಡಿದರೂ ಮರೆಯಬಾರದ ನಿಯಮವೊಂದುಂಟು. ಒದ್ದೆಯಾಗಿರುವಾಗ ಗಾಢವಾಗಿ ಕಾಣುವ ಈ ಬಣ್ಣಗಳು ಒಣಗಿದ ಮೇಲೆ ಬಹಳ ತಿಳಿಯಾಗುತ್ತವೆ. ಆದುದರಿಂದ ಡಬ್ಬಿಯೊಳಗಿನ ಬಣ್ಣವನ್ನು ನೋಡಿ ತೀರ್ಮಾನಿಸದೆ, ಚೂರೊಂದಕ್ಕೆ ಹಚ್ಚಿ ಬಿಸಿಲಿಗೆ ಹಿಡಿದು, ಒಣಗಿದ ಬಣ್ಣವನ್ನು ಕಂಡೇ ಮುಂದುವರಿಯಬೇಕು. ಆಕಾಶಕ್ಕೆ ಬೇಕಾದಷ್ಟನ್ನೂ ಒಂದೇ ಸಲ ಕಲಸಿಟ್ಟುಕೊಳ್ಳುವುದು ಲೇಸು, ಏಕೆಂದರೆ ಅರ್ಧ ಆಕಾಶವಾದ ಮೇಲೆ ಮತ್ತೆ ಕಲಸಿದ ನೀಲಿಯು ಮೊದಲಿನ ನೀಲಿಗೆ ಹೊಂದಿಕೊಂಡ ಉದಾಹರಣೆ ಅಪರೂಪ.

ಪರದೆಗೆ ಕೋರಾ ಬಟ್ಟೆಯೇ ಶ್ರೇಷ್ಠ. ಅದನ್ನು ಮರದ ಚೌಕಟ್ಟಿಗೆ ಬಿಗಿದು ಮೊದಲು ತೆಳುವಾದ ಅಂಟುನೀರನ್ನು ಕುಡಿಸಬೇಕು. ಆಗ ಬಟ್ಟೆ ಕುಗ್ಗಿ ಚರ್ಮವಾದ್ಯದ ಮೈಯಂತೆ ಬಿಗಿಯಾಗುತ್ತದೆ, ಮೇಲಿನ ಬಣ್ಣ ಹಿಂದಕ್ಕೆ ಸೋರುವುದೂ ತಪ್ಪುತ್ತದೆ.

ಚಿಕ್ಕ ಕಾಗದದ ಮೇಲಿನ ಚಿತ್ರವನ್ನು ಈ ವಿಸ್ತಾರಕ್ಕೆ ಏರಿಸುವುದು ಹೇಗೆಂಬುದೇ ಹೊಸಬರನ್ನು ಹೆದರಿಸುವ ಪ್ರಶ್ನೆ. ಇದಕ್ಕೆ ಪ್ರತಿಭೆಗಿಂತ ದಾರ ಹೆಚ್ಚು ಸಹಾಯಕವಾಗುತ್ತದೆ. ಹತ್ತು ಅಡಿ ಎತ್ತರ, ಹದಿನಾರು ಅಡಿ ಅಗಲದ ಪರದೆಯಾದರೆ 10 ಅಂಗುಲಕ್ಕೆ 16 ಅಂಗುಲದ ಕಾಗದದಲ್ಲಿ ಚಿತ್ರವನ್ನು ಬರೆದು, ಅದನ್ನು ಅಂಗುಲದ ಚೌಕಗಳಾಗಿ ವಿಭಾಗಿಸಿ, ಪರದೆಯನ್ನು ಅಡಿಯ ಚೌಕಗಳಾಗಿ ವಿಭಾಗಿಸಿದರೆ ಒಂದೊಂದು ಚೌಕದ ಗೆರೆಯನ್ನು ಮಾತ್ರ ದೊಡ್ಡದು ಮಾಡುತ್ತ ಹೋಗಬಹುದು. ಇಡೀ ಕುದುರೆಯನ್ನು ಬರೆಯಲಾರದ ಬಾಲಕನೂ ಒಂದು ಚೌಕದೊಳಗೆ ಬಾಗಿ ಹೋಗುವ ಗೆರೆಯನ್ನು ಖಂಡಿತವಾಗಿ ಬರೆಯಬಲ್ಲನು. ಚೌಕಗಳ ಗೆರೆಗೆ ಅಳತೆಗೋಲನ್ನು ಹಿಡಿದು ಒದ್ದಾಡಬೇಕಾಗಿಲ್ಲ. ಬಡಗಿಗಳು ಮರದ ದಿಮ್ಮಿಯ ಮೇಲೆ ಮಾಡುವಂತೆ, ದಾರಕ್ಕೆ ಜಾಜನ್ನೋ ಇದ್ದಲು ಪುಡಿಯನ್ನೋ ಸವರಿ, ಇಬ್ಬರು ಎರಡು ಕೊನೆಗಳಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ನೆಟ್ಟಗಿನ ಗೆರೆ ಒಂದೇ ಏಟಿಗೆ ಮೂಡುತ್ತದೆ. ಒಂದೇ ಆಕೃತಿ ಮತ್ತೆ ಮತ್ತೆ ಬರುವಲ್ಲಿ, ಉದಾಹರಣೆಗೆ ಕಮಾನಿನ ಅಂಚಿನ ಹಂಸಗಳ ಸಾಲಿನಲ್ಲಿ, ಗಟ್ಟಿ ಕಾಗದದ ಮೇಲೆ ಹಂಸವನ್ನು ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ತೆಳುಬಟ್ಟೆಯಲ್ಲಿ ಇದ್ದಲು ಪುಡಿಯನ್ನು ಗಂಟುಕಟ್ಟಿ ಅದರ ಮೇಲೆ ತಟ್ಟಿದರೆ ಚುಕ್ಕಿಗಳ ಹಂಸವೊಂದು ಕೆಳಗೆ ಇಳಿಯುತ್ತದೆ. ಬಣ್ಣವನ್ನೇ ನೇರವಾಗಿ ಒತ್ತಬೇಕಾದರೆ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಆಕೃತಿಯನ್ನು ಕೊರೆದು ತೆಗೆದ ಅಚ್ಚು ನೀರಿಗೂ ಜಗ್ಗದೆ ಬಹುಕಾಲ ಬಾಳುತ್ತದೆ. ಬಣ್ಣ ಮಾತ್ರ ಗಟ್ಟಿಯಾಗಿಯೂ ಕುಂಚ ಬಹುಮಟ್ಟಿಗೆ ಒಣಗಿಯೂ ಇರಬೇಕು, ಇಲ್ಲದಿದ್ದರೆ ಅಚ್ಚಿನ ಅಡಿಗೆ ಬಣ್ಣ ನುಸುಳಿ ಹಂಸಕ್ಕೆ ಗಡ್ಡ ಬೆಳೆಯುತ್ತದೆ.

ಇನ್ನು ಬಣ್ಣದ ವಿಚಾರ. ದೂರದ ಕಣ್ಣಿಗೆ ಬೇಕಾದುದು ಒಂದು ವಸ್ತುವಿಗೆ ಮೂರೇ ಛಾಯೆಗಳು: ಮೈಬಣ್ಣವೊಂದು, ಅದಕ್ಕಿಂತ ಗಾಢವಾದ ನೆರಳೊಂದು, ಅದಕ್ಕಿಂತ ತಿಳಿಯಾದ ಬೆಳಕೊಂದು. ಈ ಮೂರರ ನಡುವಣ ಸೂಕ್ಷ್ಮ ಸೋಪಾನಗಳನ್ನೆಲ್ಲ ಕಣ್ಣೇ ಕಟ್ಟಿಕೊಳ್ಳುತ್ತದೆ. ಹೊಸಬರು ಹತ್ತಿರದಲ್ಲಿ ಕುಳಿತು ಒಂದನ್ನೊಂದರಲ್ಲಿ ನಯವಾಗಿ ಕಲಸಿ ತಿದ್ದುತ್ತ ಹೋಗುವುದರಿಂದ ಚಿತ್ರವು ಕೈಯಲ್ಲಿದ್ದಾಗ ಅಂದವಾಗಿ, ರಂಗದ ಮೇಲೇರಿದ ಕೂಡಲೇ ಬೂದಿಯಾಗಿ ಕಾಣುತ್ತದೆ. ಬೆಳಕು ಎಡದಿಂದ ಬರುವುದೋ ಬಲದಿಂದ ಬರುವುದೋ ಎಂಬುದನ್ನು ಮೊದಲೇ ನಿರ್ಧರಿಸಿ, ಪರದೆಯ ಮೂಲೆಯಲ್ಲಿ ಬಾಣದ ಗುರುತೊಂದನ್ನು ಹಾಕಿಕೊಂಡರೆ, ನಾಲ್ಕು ಮಂದಿ ಸೇರಿ ಬರೆದರೂ ಕಂಬಗಳ ನೆರಳು ಜಗಳವಾಡುವುದಿಲ್ಲ. ನೆರಳಿಗೆ ಅಪ್ಪಟ ಕಪ್ಪನ್ನು ಬಳಸಬಾರದು. ದೀಪದ ಬೆಳಕಿನಲ್ಲಿ ಕಪ್ಪು ಬಣ್ಣವು ಬಟ್ಟೆಯಲ್ಲಿ ಬಿದ್ದ ತೂತಿನ ಹಾಗೆ ಕಾಣುತ್ತದೆ. ನೀಲಿ ಬೆರೆತ ಕಂದು ಉತ್ತಮ. ದೂರದ ಬೆಟ್ಟಗಳನ್ನು ಬರೆಯುವ ರಹಸ್ಯವನ್ನು ಸಹ್ಯಾದ್ರಿಯೇ ಕಲಿಸುತ್ತದೆ: ಆಗುಂಬೆಯ ನೆತ್ತಿಯಲ್ಲಿ ನಿಂತವನಿಗೆ ಎದುರಿನ ಕಾಡು ಕಡುಹಸುರಾಗಿಯೂ, ಅದರಾಚೆಯ ಸಾಲು ನೀಲಹಸುರಾಗಿಯೂ, ಮತ್ತೂ ಆಚೆಯದು ಮಾಸಿದ ನೀಲಿಯಾಗಿಯೂ ಕಾಣುವಂತೆ, ಪ್ರತಿಯೊಂದು ಹಿಂದಿನ ಸಾಲಿಗೂ ಬಿಳುಪನ್ನೂ ನೀಲಿಯನ್ನೂ ಹೆಚ್ಚಿಸುತ್ತ ಹೋದರೆ ಗೇಣಗಲದ ಬಟ್ಟೆಯಲ್ಲಿ ಹರದಾರಿಗಳ ಅಂತರವು ತೆರೆದುಕೊಳ್ಳುತ್ತದೆ. ಎಲೆಗಳನ್ನು ಒಂದೊಂದಾಗಿ ಬರೆಯುವುದು ಕೇವಲ ಶ್ರಮ. ಮರವೆಂದರೆ ಎಲೆಗಳ ರಾಶಿಯಷ್ಟೇ ಅಲ್ಲ, ರಾಶಿಗಳ ನಡುವೆ ಕಾಣುವ ಆಕಾಶವೂ ಹೌದು. ಗಾಢ ಹಸುರನ್ನು ಮೊದಲು ಒತ್ತಿ, ನಡುಹಸುರನ್ನು ಅದರ ಮೇಲೆ ಅರ್ಧಕ್ಕೆ ಒತ್ತಿ, ಹಳದಿ ಬೆರೆತ ತಿಳಿಹಸುರನ್ನು ಬೆಳಕು ಬೀಳುವ ಕಡೆಗೆ ಮಾತ್ರ ಅಲ್ಲಲ್ಲಿ ತಟ್ಟಿ, ಆಕಾಶದ ಕಿಂಡಿಗಳನ್ನು ಹಾಗೆಯೇ ಬಿಟ್ಟರೆ ಗಾಳಿಯಾಡುವ ಮರ ಸಿದ್ಧವಾಗುತ್ತದೆ.

ಒತ್ತುವುದಕ್ಕೆ ಸಾಧನ ಯಾವುದು? ಅಂಗಡಿಯ ಸ್ಪಂಜು ಸರಿಯೆ. ಆದರೆ ಬಲಿತು ಒಣಗಿದ ಹೀರೇಕಾಯಿಯ ನಾರು ಅದಕ್ಕಿಂತ ಚೆನ್ನಾದ, ಯಾವ ಎರಡು ಒತ್ತುಗಳೂ ಒಂದೇ ರೀತಿಯಾಗದ ಮುದ್ರೆಯನ್ನು ಕೊಡುತ್ತದೆ. ಅಡ್ಡಲಾಗಿ ಕತ್ತರಿಸಿದ ಬೆಂಡೆಕಾಯಿಯಿಂದ ಪಂಚಕೋನದ ಹೂವು, ಆಲೂಗೆಡ್ಡೆಯ ಹೋಳಿನಿಂದ ಚೌಕದ ಇಟ್ಟಿಗೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ತೆಳುಬಣ್ಣದಲ್ಲಿ ಅದ್ದಿ ಹೆಬ್ಬೆರಳಿನಿಂದ ಮೀಟಿದರೆ ಸಿಡಿಯುವ ಹನಿಗಳು, ಬೂದುಬಣ್ಣದ ತಳದ ಮೇಲೆ ಮೊದಲು ಕಪ್ಪಾಗಿಯೂ ಬಳಿಕ ಬಿಳಿಯಾಗಿಯೂ ಬಿದ್ದು, ಕಣಶಿಲೆಯ ಮೈಯನ್ನು ಉಂಟುಮಾಡುತ್ತವೆ. ಕಂದುಬಣ್ಣದ ಹಸಿಲೇಪದ ಮೇಲೆ ಬಾಚಣಿಗೆಯನ್ನು ಸ್ವಲ್ಪ ಅಲುಗಿಸುತ್ತ ಎಳೆದರೆ ಬೀಟೆಯ ಮರದ ನಾರು. ಇಂಥ ಉಪಾಯಗಳನ್ನು ಮಕ್ಕಳು ಹಿರಿಯರಿಗಿಂತ ಬೇಗ ಕಂಡುಹಿಡಿಯುತ್ತಾರಾದುದರಿಂದ ಪಟ್ಟಿಯನ್ನು ಬೆಳೆಸಬೇಕಾಗಿಲ್ಲ.

ಪರಿಕರಗಳ ನಿರ್ಮಾಣದಲ್ಲಿ ನಮ್ಮ ಹಳೆಯ ಮನೆಗಳು ಯಾವ ರಂಗಶಾಲೆಗೂ ಕಡಿಮೆಯಾಗಿರಲಿಲ್ಲವೆಂದು ನನ್ನ ಅಭಿಪ್ರಾಯ. ಓದಿ ಮುಗಿಸಿದ ಕಾಗದಗಳನ್ನು ನೆನೆಹಾಕಿ, ಮೆಂತ್ಯವನ್ನು ಸೇರಿಸಿ ಒರಳಿನಲ್ಲಿ ರುಬ್ಬಿ, ಆ ಮುದ್ದೆಯನ್ನು ಮೊರಗಳಿಗೆ ಬಳಿಯುತ್ತಿದ್ದ, ಮಡಕೆಯ ಮೇಲೆ ಮೆತ್ತಿ ಒಣಗಿಸಿ ಬುಟ್ಟಿಗಳನ್ನು ಮಾಡುತ್ತಿದ್ದ ಅಜ್ಜಿಯಂದಿರ ಕೈಯಲ್ಲಿ ಭೀಮನ ಗದೆಯೂ ರಾವಣನ ತಲೆಗಳೂ ಅನಾಯಾಸವಾಗಿ ಮೈದಳೆಯಬಹುದಾಗಿತ್ತು. ಮೆಂತ್ಯದ ಲೋಳೆಯು ಅಂಟಾಗುತ್ತದೆ, ಅದರ ಕಹಿಗೆ ಹುಳು ಹತ್ತದೆಂಬುದು ಅವರ ಅನುಭವ. ಕಿನ್ನಾಳದ ಚಿತ್ರಗಾರರು ಗೊಂಬೆಗಳ ಸಂದುಗಳನ್ನು ಮುಚ್ಚಲು ಬಳಸುವ ಕಿಟ್ಟವೂ ಇದರ ಬಂಧುವೇ. ಗೋಣಿಯ ಚಿಂದಿಗಳನ್ನು ನೆನೆಸಿ ಒಣಗಿಸಿ ಪುಡಿಮಾಡಿ ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ಆ ಪಾಕವು ಒಣಗಿದ ಮೇಲೆ ಮರದಷ್ಟೇ ಗಟ್ಟಿಯಾಗುತ್ತದೆ. ಕುರುಬರು ಕಂಬಳಿಯ ನೂಲಿಗೆ ಗಂಜಿ ಹಾಕುವುದೂ ಹುಣಿಸೆಬೀಜದಿಂದಲೇ ಎಂಬುದನ್ನು ನೆನೆದರೆ, ಹುಣಿಸೆಹಣ್ಣನ್ನು ಸಾರಿಗೆ ಬಳಸಿ ಬೀಜವನ್ನು ಎಸೆಯುವ ನಾವು ಎಂತಹ ಅಂಟನ್ನು ತಿಪ್ಪೆಗೆ ಹಾಕುತ್ತಿದ್ದೇವೆಂಬುದು ಗೊತ್ತಾಗುತ್ತದೆ. ಇಷ್ಟೆಲ್ಲಕ್ಕೆ ಪುರಸೊತ್ತಿಲ್ಲದವರಿಗೆ ಮೈದಾಹಿಟ್ಟಿನ ಅಂಟೂ ಹರಿದ ವರ್ತಮಾನಪತ್ರಿಕೆಗಳೂ ಸಾಕು. ಬಿದಿರಿನ ದಬ್ಬೆಗಳ ಪಂಜರಕ್ಕೋ ಗಾಳಿ ತುಂಬಿದ ಬುಗ್ಗೆಗೋ ಪತ್ರಿಕೆಯ ಪಟ್ಟಿಗಳನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನಾಲ್ಕೈದು ಪದರ ಅಂಟಿಸಿ, ಪ್ರತಿಯೊಂದು ಪದರವೂ ಒಣಗಿದ ಬಳಿಕವೇ ಮುಂದಿನದನ್ನು ಹಚ್ಚಬೇಕು. ಅವಸರದಿಂದ ಒಮ್ಮೆಗೇ ಮೆತ್ತಿದರೆ ಒಳಗೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಗೋಡೆಗೆ ಭಿತ್ತಿಪತ್ರ ಅಂಟಿಸುವವರು ಮೈದಾ ಅಂಟಿಗೆ ಮೈಲುತುತ್ತವನ್ನು ಸೇರಿಸುವುದುಂಟು. ಅದು ವಿಷವಾದುದರಿಂದ ಮಕ್ಕಳು ಕೈಯಾಡಿಸುವಲ್ಲಿ ಸರ್ವಥಾ ಕೂಡದು.

ಕಿರೀಟಕ್ಕೆ ಚಿನ್ನದ ಬಣ್ಣದ ಡಬ್ಬಿಯನ್ನು ಕೊಂಡುತಂದು ಮೇಲಿನಿಂದ ಕೆಳಗಿನವರೆಗೂ ಬಳಿಯುವವರೇ ಹೆಚ್ಚು. ಹಾಗೆ ಬಳಿದ ಕಿರೀಟವು ರಂಗದ ಮೇಲೆ ಸಾಸಿವೆಯ ಬಣ್ಣದ ಟೋಪಿಯಾಗಿ ಕಾಣುವುದೇಕೆಂದರೆ, ನಿಜವಾದ ಚಿನ್ನದಲ್ಲಿ ನಾವು ಕಾಣುವುದು ಹೊಳಪನ್ನು ಮಾತ್ರವಲ್ಲ; ಹೊಳಪಿನ ಪಕ್ಕದಲ್ಲಿಯೇ ಮಲಗಿರುವ ಕಗ್ಗಂದು ನೆರಳನ್ನೂ ಕಾಣುತ್ತೇವೆ. ಆದುದರಿಂದ ಮೊದಲು ಸೆಣಬಿನ ಹುರಿಯನ್ನು ಬಳ್ಳಿಯಾಕಾರದಲ್ಲಿ, ತೊಗರಿಬೇಳೆಯನ್ನು ಮಣಿಗಳ ಸಾಲಿನಂತೆ, ಅಂಟಿನಿಂದ ಕೂರಿಸಿ ಉಬ್ಬು ಕೆಲಸವನ್ನು ಮುಗಿಸಬೇಕು. ಮೈಸೂರು ಸಂಪ್ರದಾಯದ ಚಿತ್ರಗಾರರು ಸಫೇದದ ಪಾಕದಿಂದ ಒಡವೆಗಳನ್ನು ಉಬ್ಬಿಸಿ ಚಿನ್ನದ ರೇಕನ್ನು ಹಚ್ಚುವ ಕ್ರಮಕ್ಕೆ ಇದು ಬಡವರ ರೂಪ. ಅದು ಒಣಗಿದ ಮೇಲೆ ಇಡೀ ಕಿರೀಟಕ್ಕೆ ಕಡುಗಂದು ಬಣ್ಣವನ್ನು ಸಂದುಸಂದಿಗೂ ಇಳಿಯುವಂತೆ ಬಳಿದು, ಬಳಿಕ ಒರಟು ಕುಂಚವನ್ನು ಹಳದಿಯಲ್ಲಿ ಅದ್ದಿ, ಬಟ್ಟೆಯ ಮೇಲೆ ಒರಸಿ ಒರಸಿ ಇನ್ನೇನು ಒಣಗಿತೆನ್ನುವಷ್ಟರಲ್ಲಿ, ಉಬ್ಬುಗಳ ನೆತ್ತಿಯ ಮೇಲೆ ಹಗುರವಾಗಿ ಆಡಿಸಬೇಕು. ಹಳ್ಳಗಳಲ್ಲಿ ಕಂದು ಉಳಿದು ಏಣುಗಳಲ್ಲಿ ಹಳದಿ ನಿಲ್ಲುತ್ತದೆ. ಕೊನೆಗೆ ಬಿಳಿಯ ಹಳದಿಯ ನಾಲ್ಕಾರು ಚುಕ್ಕಿಗಳು, ಬೇಕೆನಿಸಿದರೆ ಚಿನ್ನದ ಬಣ್ಣದ ಒಂದೆರಡು ಗೀರುಗಳು. ಈ ಒಣಕುಂಚದ ವಿದ್ಯೆಯೊಂದನ್ನು ಕಲಿತವನು ಬೂದುಬಣ್ಣದ ಮೇಲೆ ಬಿಳಿಯನ್ನಾಡಿಸಿ ಬಂಡೆಯನ್ನೂ, ಕಪ್ಪಿನ ಮೇಲೆ ಕಂದನ್ನಾಡಿಸಿ ಮರದ ತೊಗಟೆಯನ್ನೂ ಮಾಡಬಲ್ಲನು. ಕರಾವಳಿಯ ಯಕ್ಷಗಾನದವರು ಇನ್ನೊಂದು ಮಾರ್ಗವನ್ನು ಹಿಡಿದರು: ಹಗುರವಾದ ಮರದಲ್ಲಿ ಕಡೆದ ಕಿರೀಟಕ್ಕೆ ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಹಚ್ಚಿ, ಬಣ್ಣದಿಂದ ಬರಬೇಕಾದ ಹೊಳಪನ್ನು ನೇರವಾಗಿ ದೀಪದಿಂದಲೇ ಪಡೆದುಕೊಂಡರು. ವೇಷಧಾರಿ ತಲೆಯಲುಗಿಸಿದಾಗ ಬೆಳಕು ಕಿರೀಟದ ಮೇಲೆ ಓಡಾಡುವುದನ್ನು ನೋಡಿದ ಮೇಲೆ ಆ ಮಾರ್ಗವೇ ಶ್ರೇಷ್ಠವೆಂದು ಒಪ್ಪಬೇಕಾಗುತ್ತದೆ.

ದೀಪದ ಪ್ರಸ್ತಾಪ ಬಂದುದರಿಂದ ಒಂದು ಎಚ್ಚರಿಕೆ. ತಂತಿ ಕಾದು ಉರಿಯುವ ಹಳೆಯ ಬಲ್ಬುಗಳ ಹಳದಿ ಬೆಳಕಿನಲ್ಲಿ ನೀಲಿಯು ಸತ್ತು ಬೂದಿಯಾಗುತ್ತಿತ್ತು, ಕೆಂಪು ಹಳದಿಗಳು ಕಳೆಗಟ್ಟುತ್ತಿದ್ದುವು. ಈಗಿನ ಬಿಳಿಯ ಎಲ್‌ಇಡಿ ದೀಪಗಳಲ್ಲಿ ನೀಲಿಯು ಎದ್ದು ಕಾಣುವುದು, ಕೆಂಪು ಪೇಲವವಾಗುವುದು ಹೆಚ್ಚು. ನಾಟಕದ ರಾತ್ರಿ ಯಾವ ದೀಪ ಉರಿಯುವುದೋ ಅದನ್ನೇ ಹಚ್ಚಿಟ್ಟುಕೊಂಡು ಬಣ್ಣಗಳನ್ನು ಆರಿಸುವುದು ಕ್ಷೇಮ.

ಗೋಡೆಯ ಮಾತು ಬೇರೆ. ಪರದೆ ಸುತ್ತಿಟ್ಟರೆ ಮುಗಿಯಿತು, ಗೋಡೆಯ ಚಿತ್ರದೊಡನೆ ನಿತ್ಯವೂ ಬಾಳಬೇಕು. ಅಲ್ಲದೆ ನೋಡುವವನು ದೂರವನ್ನು ತಾನೇ ಆರಿಸಿಕೊಳ್ಳುತ್ತಾನೆ, ಮೂಗು ತಾಗಿಸಿಯೂ ನೋಡುತ್ತಾನೆ. ಇಲ್ಲಿ ಪರದೆಯ ಭ್ರಮಾವಿದ್ಯೆಯನ್ನು ಬಿಟ್ಟು ರೇಖೆಯನ್ನು ನಂಬುವುದು ಮೇಲು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛತ್ತಿನಲ್ಲಿರುವ ಚಿತ್ರಗಳನ್ನು ತಲೆಯೆತ್ತಿ ನೋಡಿದವರಿಗೆ ಇದು ಗೊತ್ತು: ನೆರಳು ಬೆಳಕುಗಳ ಆಟವಿಲ್ಲ, ಸಮತಟ್ಟಾದ ಬಣ್ಣಗಳು, ಅವನ್ನು ಬಿಗಿಹಿಡಿದ ಗಾಢವಾದ ಹೊರಗೆರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವನ್ನು ಬರೆದವರು ಮತ್ತೊಂದು ಪಾಠವನ್ನು ಹೇಳುತ್ತಾರೆ. ಅಷ್ಟು ಸೈನಿಕರಲ್ಲಿ ಒಬ್ಬೊಬ್ಬನಿಗೂ ಬೇರೆ ಬೇರೆ ಮುಖವನ್ನು ಕೊಡಲು ಅವರು ಹೊರಡಲಿಲ್ಲ. ಒಂದೇ ನಿಲುವಿನ ಪಾರ್ಶ್ವಮುಖದ ಆಕೃತಿಗಳು ಸಾಲುಸಾಲಾಗಿ ಮರುಕಳಿಸುತ್ತವೆ, ಆ ಮರುಕಳಿಕೆಯಿಂದಲೇ ಸೈನ್ಯವು ಸೈನ್ಯವಾಗುತ್ತದೆ. ಶಾಲೆಯ ಗೋಡೆಯ ಮೇಲೆ ಮಕ್ಕಳ ಮೆರವಣಿಗೆಯನ್ನೋ ಹಕ್ಕಿಗಳ ಹಿಂಡನ್ನೋ ಬರೆಯುವವರು ಒಂದೆರಡು ಅಚ್ಚುಗಳನ್ನು ಕೊರೆದುಕೊಂಡು ಬಣ್ಣಗಳನ್ನು ಮಾತ್ರ ಬದಲಿಸುತ್ತ ಒತ್ತಿಹೋದರೆ ಅದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.

ಸುಲಭವಾದ ಭಿತ್ತಿಕಲೆಯಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸಿದವರಿಲ್ಲ. ಸಾಗರ, ಸೊರಬ, ಸಿರ್ಸಿಗಳ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ತಳ, ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ. ಅಂಗಡಿಯಿಂದ ಬರಬೇಕಾದುದು ಒಂದೂ ಇಲ್ಲ. ಬಾಗಿದ ಗೆರೆಯನ್ನು ಆದಷ್ಟು ಬಿಟ್ಟು, ನೆಟ್ಟಗಿನ ಗೆರೆಗಳ ಹೆಣಿಗೆಯಿಂದಲೇ ಮನೆ, ಮಂಟಪ, ವಧೂವರರನ್ನು ಕಟ್ಟುವ ಈ ಕ್ರಮವು ಕೈ ನಡುಗುವವರಿಗೂ ಧೈರ್ಯ ಕೊಡುವಂಥದು. ಉತ್ತರ ಕನ್ನಡದ ಕರಾವಳಿಯಿಂದ ಗೋವೆಯವರೆಗೆ ದೇವಾಲಯಗಳ ಗೋಡೆಗಳಲ್ಲಿ ಕಾಣುವ ಕಾವಿಕಲೆಯು ಇದಕ್ಕಿಂತ ಬೇರೆ ದಾರಿಯದು: ಬಿಳಿಯ ಸುಣ್ಣದ ಗಾರೆಯ ಮೇಲೆ ಕಾವಿ ಬೆರೆತ ಲೇಪವನ್ನು ಹಚ್ಚಿ, ಅದು ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದ ಕೆರೆದು ಅಡಿಯ ಬಿಳುಪನ್ನು ಹೊರಗೆಡಹುವುದು. ಇಲ್ಲಿ ಕುಂಚವೇ ಇಲ್ಲ, ತೆಗೆಯುವುದೇ ಬರೆಯುವುದು. ಮನೆಯಲ್ಲಿ ಇದರ ಅನುಕರಣೆ ಬೇಕಾದರೆ, ಬಿಳಿಯ ಗೋಡೆಗೆ ಅಂಟುಪಟ್ಟಿಯನ್ನು ವಿನ್ಯಾಸದಂತೆ ಕತ್ತರಿಸಿ ಹಚ್ಚಿ, ಮೇಲೆ ಕಾವಿಯ ಬಣ್ಣವನ್ನು ಬಳಿದು, ಪೂರ್ತಿ ಒಣಗುವ ಮುನ್ನ ಪಟ್ಟಿಯನ್ನು ಮೆಲ್ಲನೆ ಕಿತ್ತರೆ ಬಿಳಿಯ ರೇಖೆಗಳು ಹರಿತವಾಗಿ ಮೂಡುತ್ತವೆ.

ಸುಣ್ಣದ ಗೋಡೆಗೆ ಬಣ್ಣ ಹಚ್ಚುವವರು ಸುಣ್ಣದ ಸ್ವಭಾವವನ್ನು ಅರಿತಿರಬೇಕು. ಗಾಳಿಯ ಇಂಗಾಲಾಮ್ಲವನ್ನು ಹೀರಿ ಸುಣ್ಣವು ಮತ್ತೆ ಕಲ್ಲಾಗುವಾಗ ತನ್ನೊಳಗಿನ ಬಣ್ಣದ ಕಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ; ಹಸಿಗಾರೆಯ ಮೇಲೆ ಬರೆದ ಚಿತ್ರಗಳು ಅಂಟಿಲ್ಲದೆ ಶತಮಾನಗಳ ಕಾಲ ನಿಂತಿರುವುದು ಇದರಿಂದಲೇ. ಆದರೆ ಅದರ ಕ್ಷಾರಕ್ಕೆ ಎಲ್ಲ ಬಣ್ಣಗಳೂ ತಾಳವು. ಕೆಮ್ಮಣ್ಣು, ಹಳದಿ ಮಣ್ಣು, ಕಾಡಿಗೆ, ಬಟ್ಟೆಗೆ ಹಾಕುವ ಹಳೆಯ ನೀಲಿಪುಡಿ ಇವು ತಾಳುತ್ತವೆ. ಅರಿಸಿನವನ್ನು ಸುಣ್ಣಕ್ಕೆ ಕಲಸಿದರೆ ಏನಾಗುವುದೆಂಬುದನ್ನು ಆರತಿಯ ತಟ್ಟೆಯ ಕೆಂಪುನೀರನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಬಿಸಿಲಿನಲ್ಲಿಯೂ ಅದು ಬೇಗ ಮಾಸುತ್ತದೆ. ಸಿಮೆಂಟಿನ ಹೊಸ ಗಾರೆಯೂ ಕ್ಷಾರವೇ ಆದುದರಿಂದ ಒಂದು ತಿಂಗಳಾದರೂ ನೀರುಂಡು ಆರಿದ ಮೇಲೆ ಪ್ರೈಮರ್ ಹಚ್ಚಿ, ಅನಂತರ ಅಕ್ರಿಲಿಕ್ ಎಮಲ್ಷನ್ನಿನಲ್ಲಿ ಬರೆಯುವುದು ಇಂದಿನ ಕಾಲಕ್ಕೆ ತಕ್ಕ ಮಾರ್ಗ. ಹಳೆಯ ಗೋಡೆಯಾದರೆ ಅಂಗೈಯಿಂದ ಉಜ್ಜಿ ನೋಡಬೇಕು. ಬಿಳಿಪುಡಿ ಹತ್ತಿದರೆ ಅದನ್ನು ಕೆರೆದು ತೆಗೆಯದೆ ಮೇಲೆ ಬರೆದ ಯಾವ ಚಿತ್ರವೂ ಉಳಿಯುವುದಿಲ್ಲ. ನೆಲದಿಂದ ತೇವವೇರಿ ಸವುಳು ಪೀಡಿಸುವ ಗೋಡೆಯ ಕೆಳಭಾಗವನ್ನು ಚಿತ್ರಕ್ಕೆ ಸೇರಿಸಿಕೊಳ್ಳದಿರುವುದೇ ಜಾಣತನ. ಹಿಂದಿನ ಚಿತ್ರಗಾರರು ಮೆಚ್ಚಿ ಬಳಸುತ್ತಿದ್ದ ಇಂಗಲೀಕದಲ್ಲಿ ಪಾದರಸವೂ ಹರಿದಳದಲ್ಲಿ ಪಾಷಾಣವೂ ಇರುವುದರಿಂದ ಸಂಪ್ರದಾಯದ ಮೇಲಿನ ಪ್ರೀತಿ ಆ ಬಣ್ಣಗಳವರೆಗೆ ಹೋಗಬೇಕಾಗಿಲ್ಲ.

ಫ್ಲೆಕ್ಸ್ ಬಂದು ಫಲಕ ಬರೆಯುವವರ ಅನ್ನ ಕಸಿದುಕೊಂಡ ಮೇಲೆ, 2009ರ ಸುಮಾರಿಗೆ, ಬೆಂಗಳೂರಿನ ರಸ್ತೆಬದಿಯ ಗೋಡೆಗಳಿಗೆ ಹಂಪೆಯ ಕಲ್ಲಿನ ರಥವೂ ಮೈಸೂರಿನ ಅರಮನೆಯೂ ಮೊದಲಾದ ಚಿತ್ರಗಳನ್ನು ಬರೆಯುವ ಕೆಲಸವು ಅಂಥ ಕೈಗಳಿಗೆ ದೊರೆಯಿತು. ಕಲಾವಿಮರ್ಶಕರಲ್ಲಿ ಕೆಲವರು ಮೂಗು ಮುರಿದರು. ಆದರೆ ವಾಹನದಲ್ಲಿ ಹಾದುಹೋಗುವವನ ಒಂದು ಕ್ಷಣದ ನೋಟಕ್ಕೆ ಎಷ್ಟು ಗೆರೆ ಸಾಕು, ಎಷ್ಟು ಬಣ್ಣ ಸಾಕು ಎಂಬುದನ್ನು ಸಿನಿಮಾ ಫಲಕಗಳನ್ನು ಬರೆದು ಬರೆದು ಪಳಗಿದ ಆ ಕೈಗಳು ಬಲ್ಲಷ್ಟು ಅಕಾಡೆಮಿಗಳು ಬಲ್ಲುವೆಂದು ನನಗೆ ತೋರುವುದಿಲ್ಲ. ನಿಮ್ಮ ಊರಿನಲ್ಲಿ ಅಂಥವರೊಬ್ಬರು ಇನ್ನೂ ಇದ್ದರೆ ಶಾಲೆಯ ಮಕ್ಕಳನ್ನು ಒಂದು ಮಧ್ಯಾಹ್ನ ಅವರ ಬಳಿ ಕೂರಿಸುವುದು ಯಾವ ಪುಸ್ತಕಕ್ಕಿಂತಲೂ ಮೇಲು.

ನಾಟಕ ಮುಗಿದ ಮರುದಿನದ ಕೆಲಸವನ್ನೂ ಹೇಳಿಬಿಡಬೇಕು. ಪರದೆಯನ್ನು ಎಂದಿಗೂ ಮಡಿಸಬಾರದು, ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ. ಬಿದಿರಿನ ಗಳುವಿಗೆ ಸುತ್ತಿ ತೇವವಿಲ್ಲದ ಕಡೆ ಇಡಬೇಕು. ಸರೇಸಿನ ಬಣ್ಣಕ್ಕೆ ಇನ್ನೊಂದು ಗುಣವುಂಟು: ಕಾಡು ಸಾಕಾಯಿತು, ಬರುವ ವರ್ಷಕ್ಕೆ ಅರಮನೆ ಬೇಕೆಂದಾದರೆ ಪರದೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ ಒಗೆದರೆ ಬಣ್ಣವೆಲ್ಲ ಬಿಟ್ಟುಹೋಗಿ ಬಟ್ಟೆ ಮತ್ತೆ ಕೈಗೆ ಬರುತ್ತದೆ. ಫೆವಿಕಾಲಿನ ಬಣ್ಣಕ್ಕೆ ಈ ಸೌಕರ್ಯವಿಲ್ಲ, ಅದರ ಮೇಲೆ ಬಿಳಿಯನ್ನು ಬಳಿದೇ ಹೊಸದನ್ನು ಬರೆಯಬೇಕು. ಮೈದಾ ಅಂಟಿನಿಂದ ಮಾಡಿದ ಗದೆಗಳನ್ನೂ ತಲೆಗಳನ್ನೂ ನೆಲದ ಮೇಲೆ ಮೂಲೆಗೆ ಒರಗಿಸಿಟ್ಟರೆ ಇಲಿಗಳು ಅವನ್ನು ಆಹಾರವೆಂದೇ ತಿಳಿಯುತ್ತವೆ. ತೊಲೆಯಿಂದ ತಂತಿಯಲ್ಲಿ ತೂಗಹಾಕಬೇಕು, ಹುರಿಯಲ್ಲಿ ಬೇಡ, ಹುರಿಯ ಮೇಲೆ ಇಲಿಗಳು ಇಳಿದುಬರುತ್ತವೆ.